ಮನೇಲೇ ಯುಕೆಜಿ ಕಿಟ್: ಇಂಗ್ಲಿಷ್‌ಗೆ ನಾಲ್ಕು ಸ್ಟಾರ್, ಕನ್ನಡಕ್ಕೆ ಒಂದೇ ಒಂದು

ಮೊದಲು ಮಾರ್ಕ್ಸ್ ಕೊಟ್ಬಿಡ್ತೀನಿ, ಕಾರಣ ಬೇಕಾದೋರು ಮುಂದೆ ಓದಿ. ಐದಕ್ಕೆ ಎರಡೂವರೆ. ಮರದ ಸಾಮಾನಿಗೆ ಮತ್ತೆ ಇಂಗ್ಲಿಷ್ ಭಾಗಕ್ಕೆ ನಾಲ್ಕು ಕೊಡಬಹುದು, ಕನ್ನಡ ಭಾಗಕ್ಕೆ ಒಂದು, ಅದೂ ಪೇಪರ್ ದಪ್ಪ ಇದೆ ಅನ್ನೋ ಕಾರಣಕ್ಕೆ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ನಾನು ಹೇಳ್ತಿರೋ ತೊಂದರೆ ಒಂದೇ ಕಂಪನಿದಲ್ಲ, ಈ ಥರ "ಹೋಂ ಕಿಂಡರ್‌ಗಾರ್ಟನ್" ಬಾಕ್ಸ್ ಮಾರೋರು ತುಂಬ ಜನ ಇದಾರೆ ಮತ್ತೆ ಸ್ಯಾಂಪಲ್ ಪೇಜ್ ನೋಡಿದ್ರೆ ಹೆಚ್ಚುಕಮ್ಮಿ ಎಲ್ಲಾರದ್ದೂ ಇದೇ ಅಚ್ಚು.

ನಾವ್ಯಾಕೆ ತಗೊಂಡ್ವಿ ಅಂದ್ರೆ ವಯಸ್ಸಿನ ಲೆಕ್ಕ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅಂತ ಕರ್ನಾಟಕದಲ್ಲಿ 2022ರಲ್ಲೇ ಆದೇಶ ಆಗಿತ್ತು, ಆಮೇಲೆ ಮುಂದಕ್ಕೆ ಹೋಯ್ತು, 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಆಗಿದ್ರೂ ಸಾಕು ಅಂತ ಒಂದು ಸಲದ ರಿಯಾಯಿತಿ ಕೊಟ್ರು. ನಮ್ಮ ಮಗಳು ಹುಟ್ಟಿದ್ದು ಜುಲೈನಲ್ಲಿ. ಅಂದ್ರೆ ಒಂದೆರಡು ತಿಂಗಳ ವ್ಯತ್ಯಾಸಕ್ಕೆ ಒಂದು ವರ್ಷ ಹಿಂದೆ. ಸ್ಕೂಲಲ್ಲಿ ಯುಕೆಜಿಗೆ ಕೇಳಿದ ಫೀಸು, ವ್ಯಾನಿನ ದುಡ್ಡು, ಅದರ ಮೇಲೆ ಬೆಳಗ್ಗೆ ಏಳೂವರೆಗೆ ನಿದ್ದೆಗಣ್ಣಲ್ಲಿ ಶೂ ಹಾಕೋ ಯುದ್ಧ, ಇದೆಲ್ಲ ಕೂಡಿ ಕಳೆದು, ಹೆಂಗೂ ಕೈಯಲ್ಲಿ ಟೈಮ್ ಇದೆ, ಈ ವರ್ಷ ಮನೇಲೇ ಇರ್ಲಿ ಬಿಡು ಅಂತ ನಾನು ನಮ್ಮೆಜಮಾನ್ರು ಇಬ್ರೂ ಒಪ್ಕೊಂಡ್ವಿ. ಅತ್ತೆ ಒಪ್ಪಲಿಲ್ಲ, ಅವರ ವಿಷಯ ಆಮೇಲೆ ಬರತ್ತೆ.

ಕೇಳೋರು ಕೇಳೇ ಕೇಳ್ತಾರೆ ಅಂತ ಇಲ್ಲೇ ಹೇಳ್ತೀನಿ: ಇದು ಕಾನೂನಿಗೆ ವಿರುದ್ಧನಾ ಅಂದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಮಾತಾಡೋದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಐದು ವರ್ಷದ ಮಗು ನರ್ಸರಿಗೋ ಯುಕೆಜಿಗೋ ಹೋಗ್ಲೇಬೇಕು ಅಂತ ಅದರಲ್ಲಿಲ್ಲ. ಒಂದನೇ ಕ್ಲಾಸಿಂದ ಮುಂದಕ್ಕೆ ಮನೇಲೇ ಓದಿಸೋದು ಬೇರೆ ಕಥೆ, ಅದರ ತಂಟೆಗೆ ನಾವು ಹೋಗ್ತಿಲ್ಲ.

ಈಗ ಬಾಕ್ಸ್. ಬೆಲೆ ಏಳು ಸಾವಿರದ ಹತ್ತಿರ, ಆಫರ್ ಅಂತ ತೋರ್ಸಿ ಸ್ವಲ್ಪ ಇಳಿಸ್ತಾರೆ, ಆ ಆಫರ್ ನಾನು ನೋಡಿದಾಗಿಂದ ಮುಗ್ದೇ ಇಲ್ಲ. ಒಳಗೆ ಮರದ ನಂಬರ್ ಕಡ್ಡಿಗಳು, ಮುಟ್ಟಿ ನೋಡೋ ಸ್ಯಾಂಡ್‌ಪೇಪರ್ ಅಕ್ಷರಗಳು (ಇಂಗ್ಲಿಷ್ ಮಾತ್ರ), ಪೋಣ್ಸೋ ಮಣಿ, ಮೊಂಡು ಕತ್ತರಿ, ಒರೆಸಿ ಒರೆಸಿ ಬರೆಯೋ ಶೀಟು ಮತ್ತೆ ಅದರ ಪೆನ್ನು, ಇಂಗ್ಲಿಷ್, ಗಣಿತ, ಪರಿಸರ, ಕನ್ನಡ ಅಂತ ವರ್ಕ್‌ಬುಕ್ಕುಗಳು, ಅಮ್ಮಂಗೆ ಅಂತ ಒಂದು ದಪ್ಪ ಗೈಡು. "ಅಮ್ಮನ ಗೈಡ್" ಅಂತಲೇ ಹೆಸರು, ಅಪ್ಪಂಗೆ ಏನೂ ಇಲ್ಲ. ಸಾಮಾನಿನ ಕ್ವಾಲಿಟಿ ಬಗ್ಗೆ ಎರಡು ಮಾತಿಲ್ಲ, ಮರ ನುಣ್ಣಗಿದೆ, ಬಣ್ಣ ಬಾಯಿಗೆ ಹಾಕಿದ್ರೂ ಬಿಡ್ಲಿಲ್ಲ (ನಮ್ಮ ಚಿಕ್ಕೋನು ಟೆಸ್ಟ್ ಮಾಡಿ ಆಗಿದೆ). ಪೆನ್ನು ಮಾತ್ರ ಕ್ಯಾಪ್ ಹಾಕೋದು ಮರ್ತ ದಿನಾನೇ ಒಣಗಿ ಹೋಯ್ತು, ಐದು ವರ್ಷದ ಮಗು ಕ್ಯಾಪ್ ಹಾಕತ್ತೆ ಅಂತ ನಂಬ್ಕೊಂಡು ಪ್ಲಾನ್ ಮಾಡಿದೋರು ಮಕ್ಕಳನ್ನ ಹತ್ತಿರದಿಂದ ನೋಡಿರೋದು ಡೌಟು.

ಗೈಡ್ ತೆಗೆದ್ರೆ ಬೆಳಗ್ಗೆ ಒಂಬತ್ತಕ್ಕೆ "ಮಾರ್ನಿಂಗ್ ಸರ್ಕಲ್", ಒಂಬತ್ತೂಕಾಲಿಗೆ ಫೋನಿಕ್ಸ್ (ಅಕ್ಷರದ ಸದ್ದು ಹಿಡಿದು ಓದೋದು), ಹತ್ತಕ್ಕೆ ಹೆಲ್ದಿ ಸ್ನ್ಯಾಕ್, ಹೀಗೆ ಗಂಟೆ ಗಂಟೆಗೆ ಟೈಮ್‌ಟೇಬಲ್. ನಮ್ಮನೇಲಿ ಒಂಬತ್ತು ಗಂಟೆ ಅಂದ್ರೆ ಏನು ಗೊತ್ತಾ, ಯಜಮಾನ್ರ ಡಬ್ಬಿ ಕಟ್ಟಿ ಕಳ್ಸಿ ಆಗಿರತ್ತೆ, ಕುಕ್ಕರ್ ಎರಡನೇ ಸಲ ಇಟ್ಟಿರ್ತೀನಿ, ಚಿಕ್ಕೋನು ನೆಲ ಪೂರ್ತಿ ಅಂಬೆಗಾಲಿಡ್ತಾ ಪೊರಕೆ ಹಿಂದೆ ಹೋಗಿರ್ತಾನೆ, ನೀರು ಬಿಡೋ ದಿನ ಆದ್ರೆ ಮೋಟರ್ ಹಾಕ್ಬೇಕು, ಅತ್ತೆ ಪೂಜೆಗೆ ಕೂತಿರ್ತಾರೆ ಆಗ ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ. ಇದರ ಮಧ್ಯ ನಾನು ಮ್ಯಾಟ್ ಹಾಸಿ "ಗುಡ್ ಮಾರ್ನಿಂಗ್ ಮೈ ಫ್ರೆಂಡ್, ಹೌ ಡು ಯೂ ಫೀಲ್ ಟುಡೇ" ಅಂತ ಮಗಳನ್ನ ಕೇಳ್ಬೇಕಂತೆ. ಕೇಳಿದೆ. "ಅಮ್ಮಾ ಯಾಕೆ ಹಿಂಗ್ ಮಾತಾಡ್ತಿದ್ಯ" ಅಂದ್ಲು. ಅಲ್ಲಿಗೆ ಮಾರ್ನಿಂಗ್ ಸರ್ಕಲ್ ಮುಗೀತು.

ನಿಜ ಹೇಳ್ಬೇಕಂದ್ರೆ ಐದು ವರ್ಷದ ಮಗುಗೆ ಕೂತು ಕಲಿಯೋದು ಅಂತ ಇರೋದು ದಿನಕ್ಕೆ ಸ್ವಲ್ಪ ಹೊತ್ತು ಅಷ್ಟೇ, ನಮ್ಮಲ್ಲಿ ಅದು ಚಿಕ್ಕೋನು ಮಧ್ಯಾಹ್ನ ಮಲಗಿದ ಮೇಲೆ. ಮಿಕ್ಕಿದ್ದೆಲ್ಲ ಅಡುಗೆಮನೆ ಕಟ್ಟೆ, ಅಂಗಳ, ಅಂಗಡಿ. ಕಿಟ್ಟಲ್ಲಿ ಇನ್ನೊಂದು ಶೀಟ್ ಇದೆ, "ಹೋಂವರ್ಕ್" ಅಂತ ಮೇಲೆ ಬರೆದಿದೆ. ಮನೇಲೇ ಕಲಿಸೋ ಕಿಟ್ಟಲ್ಲಿ ಹೋಂವರ್ಕ್! ಸ್ಕೂಲ್ ಬ್ಯಾಗ್ ಪಾಲಿಸಿ 2020 ಅಂತ ಕೇಂದ್ರ ಸರ್ಕಾರದ್ದು ಒಂದಿದೆಯಲ್ಲ, ಅದೇ ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಬೇಡ, ಪ್ರೀ ಪ್ರೈಮರಿಗೆ ಬ್ಯಾಗೇ ಬೇಡ ಅನ್ನತ್ತೆ. ಇವರು ಬಾಕ್ಸ್ ಜೊತೆ ಫ್ರೀ ಬ್ಯಾಗ್ ಬೇರೆ ಕೊಟ್ಟಿದಾರೆ. ಬ್ಯಾಗ್ ಚೆನ್ನಾಗಿದೆ, ತರಕಾರಿಗೆ ಇಟ್ಕೊಂಡಿದೀನಿ.

ಇಂಗ್ಲಿಷ್ ಭಾಗ ಚೆನ್ನಾಗಿದೆ ಅಂದ್ನಲ್ಲ, ಅದರ ಕಾರಣ ಹೇಳ್ಬೇಕು, ಯಾಕಂದ್ರೆ ಕನ್ನಡದ ಮೇಲಿನ ನನ್ನ ಸಿಟ್ಟು ಹುಟ್ಟೋದು ಅಲ್ಲಿಂದಲೇ. ಅವರು ಎ ಬಿ ಸಿ ಡಿ ಅಂತ ಶುರು ಮಾಡಲ್ಲ. ಎಸ್, ಎ, ಟಿ, ಐ, ಪಿ, ಎನ್ ಈ ಆರು ಅಕ್ಷರದ ಸದ್ದು ಮೊದಲು. ಫೋನಿಕ್ಸ್ ಕ್ಲಾಸಿಗೆ ಮಕ್ಕಳನ್ನ ಕಳ್ಸಿರೋರಿಗೆ ಗೊತ್ತಿರತ್ತೆ ಇದು. ಆರೇ ಅಕ್ಷರ ಗೊತ್ತಿದ್ರೂ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಅಂತ ಎಷ್ಟೋ ಪದ ಓದ್ಬಹುದು, ಪೂರ್ತಿ ಇಪ್ಪತ್ತಾರು ಮುಗಿಯೋವರೆಗೂ ಕಾಯೋ ಹಂಗಿಲ್ಲ. ಅಕ್ಷರದ ಮೇಲೆ ಬೆರಳು ಎಲ್ಲಿಂದ ಶುರು ಮಾಡಿ ಯಾವ ಕಡೆ ತಿರುಗ್ಬೇಕು ಅಂತ ಬಾಣದ ಗುರುತು ಇದೆ. ಕಾರ್ಡ್ ಜೋಡ್ಸಿ "ಟಿನ್" ಅಂತ ತಾನೇ ಓದಿದಾಗ ಮಗಳು ಎದ್ದು ಕುಣಿದ್ಲು. ಒಪ್ತೀನಿ, ಇಲ್ಲಿ ಯಾರೋ ತಲೆ ಖರ್ಚು ಮಾಡಿದಾರೆ.

ಅದೇ ಜನ ಕನ್ನಡಕ್ಕೆ ಬಂದ ಕೂಡ್ಲೇ ತಲೆ ತೆಗೆದು ಪಕ್ಕಕ್ಕಿಟ್ಟಿದಾರೆ. ಅ ಅಳಿಲು, ಆ ಆನೆ ಅಂತ ಶುರು ಮಾಡಿ ನಲವತ್ತೊಂಬತ್ತೂ ಅಕ್ಷರ ವರ್ಣಮಾಲೆ ಕ್ರಮದಲ್ಲೇ, ಒಂದು ಅಕ್ಷರಕ್ಕೆ ಒಂದು ಪುಟ, ಒಂದು ಚಿತ್ರ, ಐದು ಸಾಲು ಚುಕ್ಕಿ. ಏಳನೇ ಪುಟಕ್ಕೇ ಋ, ಗಡ್ಡ ಬಿಟ್ಟ ಋಷಿ. ಬಾಣದ ಗುರುತು ಇಲ್ಲವೇ ಇಲ್ಲ. ಹದಿನೈದು ಪುಟ ಮುಗಿದ್ರೂ ಮಗು ಓದೋಕೆ ಒಂದು ಪದ ಸಿಗಲ್ಲ, ಯಾಕಂದ್ರೆ ಅಂ ಅಃ ಸೇರಿ ಅಷ್ಟೂ ಸ್ವರಗಳೇ, ವ್ಯಂಜನ ಇಲ್ಲದೆ ಯಾವ ಪದ ಆಗತ್ತೆ ಹೇಳಿ? ಆಮೇಲೆ ಸೂಚನೆಗಳು. "ಚುಕ್ಕೆಗಳನ್ನು ಸೇರಿಸಿ ಮತ್ತು ನಿಮ್ಮ ಆನೆಯನ್ನು ಆನಂದಿಸಿ" ಅಂತ ಇದೆ ಒಂದು ಕಡೆ. ಅದನ್ನ ಓದಿ ಅತ್ತೆ ಕನ್ನಡಕ ತೆಗೆದು ಒರೆಸ್ಕೊಂಡು ಇನ್ನೊಂದ್ಸಲ ಓದಿದ್ರು. ಮಷೀನಿಗೆ ಹಾಕಿ ತೆಗೆದಿದಾರೆ, ತೆಗೆದಿದ್ದನ್ನ ಕನ್ನಡ ಬಲ್ಲವರೊಬ್ರು ಓದಿಲ್ಲ.

ಬೇಜಾರಾಗೋದು ಏನಂದ್ರೆ, ಇಂಗ್ಲಿಷಲ್ಲಿ ಆ ಆರು ಅಕ್ಷರ ಮಾಡೋ ಕೆಲಸಾನ ಕನ್ನಡದಲ್ಲಿ ನಮ್ಮ ಸರ್ಕಾರಿ ಸ್ಕೂಲಿನ ಮೇಷ್ಟ್ರುಗಳು ಯಾವತ್ತೋ ಮಾಡಿಟ್ಟಿದಾರೆ. ನಲಿ-ಕಲಿ. ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಯುನಿಸೆಫ್ ಬೆಂಬಲ ಇತ್ತು, ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೀತಿದ್ದ ಪದ್ಧತಿ ನೋಡ್ಕೊಂಡು ಬಂದು ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಮಾಡ್ಕೊಂಡ್ರು. ಅಲ್ಲಿ ಅಕ್ಷರ ಬರೋದು ರ ಗ ಸ ದ ಅ, ಆಮೇಲೆ ಜ ವ ಮ ಬ ನ, ಆಮೇಲೆ ಪ ಯ ಉ ಡ ಟ ಚ. ಬರೆಯೋಕೆ ಸುಲಭ, ಆಕಾರ ಒಂದಕ್ಕೊಂದು ಹತ್ತಿರ, ಮತ್ತೆ ಮೊದಲ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಬಂದ್ಬಿಡತ್ತೆ. ಗರಗಸ ಅಂತ ಓದ್ಬಿಟ್ಟು ನಮ್ಮವಳಿಗೆ ಬಂದ ಜಂಬ ನೋಡ್ಬೇಕಿತ್ತು, ನಾಲ್ಕಕ್ಷರದ ಪದ! ಎರಡನೇ ಗುಂಪು ಸೇರಿದ್ರೆ ಮರ, ಜನ, ವನ, ಬಸವ, ಅವಸರ. ನಮ್ಮನೆ ಕೆಲಸಕ್ಕೆ ಬರೋ ಅಕ್ಕನ ಮಗ ಸರ್ಕಾರಿ ಸ್ಕೂಲಲ್ಲಿ ಎರಡನೇ ಕ್ಲಾಸು, ಅವನು ಒಂದ್ಸಲ ಬಂದು ನಮ್ಮ ವರ್ಕ್‌ಬುಕ್ ತಿರುವಿ ಹಾಕಿ "ಆಂಟಿ ಇದ್ರಲ್ಲಿ ರಗಸದಅ ಇಲ್ವಾ" ಅಂತ ಕೇಳಿದ. ಏಳು ಸಾವಿರದ ಕಿಟ್ಟಿಗೆ ಅದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೆಯೋಕಾಗಲ್ಲ.

ಆವತ್ತಿಂದ ಕನ್ನಡ ಬುಕ್ ಮೂಲೆಗೆ. ಊಟದ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ ಬೆರಳಲ್ಲಿ ರ ಬರೆಯೋದು, ಅಲ್ಲಾಡ್ಸಿ ಅಳ್ಸೋದು. ಅಕ್ಷರಾಭ್ಯಾಸಕ್ಕೆ ಅಕ್ಕಿ ಮೇಲೆ ಬರೆಸಿದ್ವಲ್ಲ, ಅದನ್ನೇ ದಿನಾ ಮಾಡಿದ ಹಾಗೆ, ಅಕ್ಕಿಗಿಂತ ರವೆಯಲ್ಲಿ ಗೆರೆ ನೀಟಾಗಿ ಬೀಳತ್ತೆ. ಹಾರ್ಡ್‌ವೇರ್ ಅಂಗಡಿಯಿಂದ ಸ್ಯಾಂಡ್‌ಪೇಪರ್ ತಂದು ಐದೈದು ಅಕ್ಷರ ಕತ್ತರಿಸಿ ರಟ್ಟಿಗೆ ಅಂಟ್ಸಿದೀನಿ, ಖರ್ಚು ನೂರು ರೂಪಾಯಿ ದಾಟಿಲ್ಲ. ಕತ್ತರಿಸಿ ಕತ್ತರಿಸಿ ನಮ್ಮನೆ ದೊಡ್ಡ ಕತ್ತರಿ ಮೊಂಡಾಗಿದೆ, ಅದನ್ನೂ ಖರ್ಚಿಗೆ ಸೇರಿಸ್ಬೇಕು ಅಂದ್ರು ಯಜಮಾನ್ರು.

ಪರಿಸರದ ಬುಕ್ಕಿಗೆ ಬರೋಣ. ವಾರಕ್ಕೊಂದು ಥೀಮ್. ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್. ಮೈಸೂರಲ್ಲಿ ಕೂತು ಹತ್ತಿ ಅಂಟ್ಸಿ ಸ್ನೋಮ್ಯಾನ್ ಮಾಡಿದ್ವಿ, ಮಾಡೋದಕ್ಕೆ ಮಜಾನೇ, ಆದ್ರೆ "ಇವ್ನು ಎಲ್ಲಿರ್ತಾನೆ" ಅಂದಾಗ ಏನು ಹೇಳೋದು. ಮಳೆಗಾಲ ಅಂತ ಒಂದು ಥೀಮ್ ಇಲ್ಲ, ಮಳೆ ಅನ್ನೋದು ಸ್ಪ್ರಿಂಗ್ ಒಳಗೆ ಒಂದು ಕೊಡೆ ಚಿತ್ರ ಅಷ್ಟೇ. ಆಷಾಢದ ಗಾಳಿ ಇಲ್ಲ, ಗಾಳಿಪಟ ಇಲ್ಲ. ನಾವು ಆ ಪುಟಗಳನ್ನ ಬಿಟ್ಟು ಕಾರಂಜಿ ಕೆರೆ ಪಕ್ಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್‌ಗೆ ಹೋಗಿ ಬಂದ್ವಿ, ಕೆರೆ ಹತ್ರ ಹಕ್ಕಿ ನೋಡಿದ್ವಿ, ಅದನ್ನ ಅವಳು ಈಗಲೂ ಮಾತಾಡ್ತಾಳೆ. ಸ್ನೋಮ್ಯಾನ್‌ನ ಹತ್ತಿ ಚಿಕ್ಕೋನು ಕಿತ್ತು ತಿನ್ನೋಕೆ ಹೋದ.

ಗಣಿತದ ಸಾಮಾನು ಮಾತ್ರ ಒಳ್ಳೇದು, ವರ್ಕ್‌ಬುಕ್ ಅಲ್ಲ, ಸಾಮಾನು. ಕೆಂಪು ನೀಲಿ ಪಟ್ಟಿಯ ಕಡ್ಡಿಗಳು, ಒಂದಕ್ಕಿಂತ ಒಂದು ಉದ್ದ, ಮಾಂಟೆಸ್ಸೊರಿ ಶಾಲೆಯಲ್ಲಿ ಇರೋದ್ರ ಚಿಕ್ಕ ಸೈಜು (ಅಸಲಿದ್ರಲ್ಲಿ ಹತ್ತನೇ ಕಡ್ಡಿ ಒಂದು ಮೀಟರ್ ಉದ್ದ ಇರತ್ತೆ). ಏಳಕ್ಕೆ ಮೂರು ಸೇರಿಸಿದ್ರೆ ಹತ್ತರ ಸಮ ಆಗತ್ತೆ ಅನ್ನೋದು ಕಣ್ಣಿಗೇ ಕಾಣತ್ತೆ. ಆದ್ರೆ ಹೇಳ್ಲೇಬೇಕಾದ ಮಾತು, ಕೂಡೋದು ಅವಳಿಗೆ ಪಳಗಿದ್ದು ಅತ್ತೆ ಜೊತೆ ಚೌಕಾಬಾರ ಆಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ, ಎಷ್ಟು ಕವಡೆ ಬಾಯಿ ಮೇಲೆ ಬಿದ್ವೋ ಅಷ್ಟು ಮನೆ, ನಾಲ್ಕೂ ಮಕಾಡೆ ಬಿದ್ರೆ ಎಂಟು. ನಾಲ್ಕೋ ಎಂಟೋ ಬಿದ್ರೆ ಇನ್ನೊಂದು ಆಟ. ಇದರಲ್ಲಿ ಎಣಿಸೋದು ಒಂದು ಕಡೆ, ಯಾವ ಕಾಯಿ ನಡೆಸಿದ್ರೆ ಅಜ್ಜಿ ಕಾಯಿ ಹೊಡೀಬಹುದು ಅನ್ನೋ ಲೆಕ್ಕ ಇನ್ನೊಂದು ಕಡೆ, ಸೋತ್ರೆ ಅಳದೆ ಇರೋದು ಮೂರನೇದು. ಮೂರನೇದು ಇನ್ನೂ ಬಂದಿಲ್ಲ. ಅತ್ತೇಗೂ ಬಂದಿಲ್ಲ.

ಅತ್ತೆ ವಿಷಯ ಬಂತು. "ಸ್ಕೂಲಿಗೆ ಹೋಗದೆ ಮಗು ಹಾಳಾಗತ್ತೆ, ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ" ಅಂತ ಮೊದಮೊದಲು ದಿನಾ ಇತ್ತು. ಬೀದಿಯಲ್ಲಿ ಯಾರು ಸಿಕ್ಕಿದ್ರೂ "ಯಾವ ಸ್ಕೂಲು ಪುಟ್ಟಿ" ಅಂತಲೇ ಕೇಳೋದು, ಇವಳು "ನಮ್ಮನೆ ಸ್ಕೂಲು, ಅಜ್ಜಿ ಎಚ್ಚೆಮ್ಮು" ಅನ್ನೋಕೆ ಶುರು ಮಾಡಿದ ಮೇಲೆ ಅತ್ತೆ ಗಲಾಟೆ ಅರ್ಧ ಕಮ್ಮಿ ಆಯ್ತು. ಎಚ್ಚೆಮ್ಮು ಅಂದ್ಮೇಲೆ ಜವಾಬ್ದಾರಿ ಇರತ್ತಲ್ಲ. ಈಗ ಹೂ ಕಟ್ಟೋದು ಕಲಿಸ್ತಿದಾರೆ, ಅವರೆಕಾಯಿ ಕಾಲದಲ್ಲಂತೂ ನೆನೆಸಿದ ಕಾಳು ಮುಂದಿಟ್ಕೊಂಡು ಇಬ್ರೂ ಹಿತಕ್ತಾ ಕೂರ್ತಾರೆ, ಕಾಳು ಗೋಡೆಗೆ ಹಾರತ್ತೆ, ನಗ್ತಾರೆ. ಕಿಟ್ಟಲ್ಲಿ ಹೆಬ್ಬೆರಳು ತೋರುಬೆರಳಿಗೆ ಶಕ್ತಿ ಬರ್ಲಿ ಅಂತ ಒಂದು ಪ್ಲಾಸ್ಟಿಕ್ ಇಕ್ಕಳ ಮತ್ತೆ ಉಣ್ಣೆ ಉಂಡೆ ಕೊಟ್ಟಿದಾರೆ, ಎತ್ತಿ ಬಟ್ಟಲಿಗೆ ಹಾಕ್ಬೇಕು. ಕೆಲಸ ಅದೇ, ಇಲ್ಲಿ ಕೊನೆಗೆ ಹಿತಕಿದ ಬೇಳೆ ಸಾರು ಸಿಗತ್ತೆ.

ಚಿಕ್ಕ ಮಗು ಇರೋ ಮನೆಯವರು ಇದನ್ನ ದಯವಿಟ್ಟು ಓದಿ: ಮಣಿಗಳು ಗಂಟಲಲ್ಲಿ ಸಿಕ್ಕೊಳ್ಳೋ ಸೈಜು. ಡಬ್ಬದ ತಳದಲ್ಲಿ ಸಣ್ಣಕ್ಷರದಲ್ಲಿ ಮೂರು ವರ್ಷದ ಒಳಗಿನವರಿಗೆ ಅಲ್ಲ ಅಂತ ಇದೆ ನಿಜ, ಆದ್ರೆ ಐದು ವರ್ಷದೋರ ಮನೇಲಿ ಒಂದು ವರ್ಷದೋರು ಇರೋದು ಅಪರೂಪ ಏನಲ್ಲ, ಗೈಡಲ್ಲಿ ಆ ಬಗ್ಗೆ ಒಂದು ಸಾಲಿಲ್ಲ. ನಾವು ಮಣಿ ಡಬ್ಬಿ ಬೀರು ಮೇಲಿಟ್ಟಿದೀವಿ, ಚಿಕ್ಕೋನು ಮಲಗಿದಾಗ ಮಾತ್ರ ಕೆಳಗೆ. ಅವನಿಗೆ ಚನ್ನಪಟ್ಟಣದ ದಪ್ಪ ಬಳೆ ಜೋಡ್ಸೋ ಆಟದ ಸಾಮಾನು ತಂದ್ವಿ, ಬೆಂಗಳೂರಿಗೆ ಹೋಗ್ತಾ ದಾರಿಯಲ್ಲೇ ಸಿಗತ್ತಲ್ಲ. ಆಲೆಮರ, ಅರಗಿನ ಬಣ್ಣ, ತಾಳೆಗರಿಯಲ್ಲಿ ಉಜ್ಜಿದ ಹೊಳಪು. ಅಕ್ಕಂದು ಅಂತ ಕಿಟ್ಟಿಂದ ಕಿತ್ಕೊಳ್ಳೋದು ಅರ್ಧ ತಪ್ತು, ಅರ್ಧ ಇನ್ನೂ ಇದೆ.

ಆ್ಯಪ್ ಬಗ್ಗೆ ಚಿಕ್ಕದಾಗಿ. ಮೊದಲ ಮೂರು ತಿಂಗಳು ಫ್ರೀ, ಆಮೇಲೆ ದುಡ್ಡು, ಇದು ಬಾಕ್ಸ್ ಮೇಲೆ ಬರೆದಿರಲಿಲ್ಲ. ಅನ್‌ಇನ್‌ಸ್ಟಾಲ್. ಕಸ್ಟಮರ್ ಕೇರ್: ನಂಬರ್ ಬಿಲ್ಲೆಗಳಲ್ಲಿ ಒಂದು ಕಮ್ಮಿ ಇತ್ತು, ಮೇಲ್ ಹಾಕಿದ್ರೆ ಅನ್‌ಬಾಕ್ಸಿಂಗ್ ವಿಡಿಯೋ ಕಳ್ಸಿ ಅಂದ್ರು. ಮಗು ಎತ್ಕೊಂಡು ಬಾಕ್ಸ್ ಬಿಚ್ಚೋಳು ವಿಡಿಯೋ ಬೇರೆ ಮಾಡ್ಲಾ? ತುಂಬ ಸತಾಯಿಸಿ ಆಮೇಲೆ ಕಳ್ಸಿದ್ರು, ಬಂದಿದ್ದು ಬೇರೆ ಬಣ್ಣದ 6, ತಿರುಗಿಸಿದ್ರೆ 9 ಆಗತ್ತೆ ಅಂತ ಮಗಳೇ ಸಮಾಧಾನ ಹೇಳಿದ್ಲು.

ಓದೋಕೆ ಪುಸ್ತಕ ಅಂತ ಕಿಟ್ಟಲ್ಲಿ ಕೊಟ್ಟಿರೋವು ಇಂಗ್ಲಿಷ್ ಮಾತ್ರ. ಕನ್ನಡಕ್ಕೆ ನಾವು ಹೋಗಿದ್ದು ಸ್ಟೋರಿವೀವರ್ ಅನ್ನೋ ವೆಬ್‌ಸೈಟಿಗೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರದ್ದು, 2015ರ ಸೆಪ್ಟೆಂಬರ್‌ನಿಂದ ಇದೆ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು, ಅಂದ್ರೆ ಡೌನ್‌ಲೋಡ್ ಮಾಡ್ಕೊಂಡು ಪ್ರಿಂಟ್ ಹಾಕ್ಸಿದ್ರೂ ಯಾರೂ ಕೇಳಲ್ಲ, ದುಡ್ಡೂ ಇಲ್ಲ. ಲೆವೆಲ್ ಒಂದರಿಂದ ನಾಲ್ಕು ಅಂತ ವಿಂಗಡಿಸಿದಾರೆ, ಒಂದನೇ ಲೆವೆಲ್ಲಲ್ಲಿ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ, ಬಂದ ಪದಾನೇ ಮತ್ತೆ ಬರತ್ತೆ. ಬೀದಿ ಕೊನೆ ಜೆರಾಕ್ಸ್ ಅಂಗಡಿಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಹಾಕ್ಸಿ ಪಿನ್ ಹೊಡೆದು ಕೊಟ್ರೆ ಬಣ್ಣ ಅವಳೇ ತುಂಬ್ತಾಳೆ, ಒಂದು ಪುಸ್ತಕದಲ್ಲಿ ಎರಡು ಕೆಲಸ. ಓದೋದು ಇನ್ನೂ ಪೂರ್ತಿ ಬರಲ್ಲ, ತನಗೆ ಗೊತ್ತಿರೋ ಅಕ್ಷರದ ಮೇಲೆ ಬೆರಳಿಟ್ಟು ಮಿಕ್ಕಿದ್ದು ಚಿತ್ರ ನೋಡಿ ಬಿಡ್ತಾಳೆ, ಬಿಡ್ಲಿ. ಅಚ್ಚಾದ ಪುಸ್ತಕವೇ ಬೇಕು ಅನ್ನೋರು ಪ್ರಥಮ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಮಳಿಗೆ ನೋಡಿ, ಕಿಟ್ ದುಡ್ಡಲ್ಲಿ ಒಂದು ಕಪಾಟು ತುಂಬತ್ತೆ.

ಎನ್‌ಸಿಇಆರ್‌ಟಿಯವರ ಜಾದೂಯಿ ಪಿಟಾರಾ ಅನ್ನೋ ಬಾಕ್ಸನ್ನೂ ಒಂದು ಸಲ ನೋಡಿ. 2023ರ ಫೆಬ್ರವರಿಯಲ್ಲಿ ಬಂದಿದ್ದು, 3ರಿಂದ 8 ವರ್ಷದೋರಿಗೆ, ಆಟಿಕೆ, ಪಜಲ್, ಫ್ಲ್ಯಾಶ್ ಕಾರ್ಡ್, ಕಥೆ ಪುಸ್ತಕ ಅಂತ. ಬಾಕ್ಸೇ ತರಿಸ್ಬೇಕು ಅಂತಿಲ್ಲ, ಅದರೊಳಗೆ ಏನೇನಿದೆ ಅಂತ ಪಟ್ಟಿ ನೋಡಿದ್ರೂ ಮನೇಲಿ ಏನು ಜೋಡಿಸ್ಬಹುದು ಅಂತ ಐಡಿಯಾ ಬರತ್ತೆ.

ಬೇರೆ ಮಕ್ಕಳ ಜೊತೆ ಬೆರೆಯೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಅದು ಯಾವ ಕಿಟ್ಟಲ್ಲೂ ಬರಲ್ಲ. ಸಾಯಂಕಾಲ ಪಾರ್ಕಿಗೆ ಹೋಗ್ತೀವಿ, ಅಲ್ಲಿ ಜಾರುಬಂಡೆ ಕ್ಯೂನಲ್ಲಿ ಜಗಳ, ರಾಜಿ, ಮತ್ತೆ ಜಗಳ ಎಲ್ಲ ಆಗತ್ತೆ. ಆದ್ರೂ ಬೆಳಗ್ಗೆ ಹೊತ್ತು ಜೊತೆಗಾರರು ಇಲ್ಲ ಅನ್ನೋದು ನಿಜವಾದ ಕೊರತೆ, ಅದನ್ನ ನಾನು ಮುಚ್ಚಿಡಲ್ಲ. ವ್ಯಾನ್ ಹೋಗೋವಾಗ ಗೇಟ್ ಹತ್ರ ನಿಂತು ಕೈ ಬೀಸ್ತಾಳೆ, ಕೆಲವು ದಿನ ನಂಗೂ ಒಂಥರಾ ಆಗತ್ತೆ. ಮನೇಲಿ ಅಜ್ಜಿ ತಾತ ಯಾರೂ ಇಲ್ಲ, ಇಬ್ರೂ ಕೆಲಸಕ್ಕೆ ಹೋಗ್ತೀರಿ ಅಂದ್ರೆ ಕಿಟ್ ತಂದು ಇಟ್ಟ ಮಾತ್ರಕ್ಕೆ ಏನೂ ನಡಿಯಲ್ಲ, ಸುಮ್ನೆ ಒಂದು ಒಳ್ಳೆ ನರ್ಸರಿನೋ ಅಂಗನವಾಡಿನೋ ನೋಡಿ.

ಹಾಗಾದ್ರೆ ಯಾರು ತಗೋಬಹುದು? ಹೊರದೇಶದಲ್ಲಿ ಇದೀರಾ, ಮನೇಲಿ ಇಂಗ್ಲಿಷ್ ಫೋನಿಕ್ಸ್ ಕಲಿಸೋಕೆ ಒಂದು ದಾರಿ ಬೇಕು, ಸಾಮಾನು ಹುಡುಕೋಕೆ ಟೈಮಿಲ್ಲ, ದುಡ್ಡಿಗೆ ತೊಂದರೆ ಇಲ್ಲ, ಅಂಥೋರು ತಗೊಳ್ಳಿ. ಕನ್ನಡ ಕಲಿಸೋಕೆ ಅಂತ ತಗೋಬೇಡಿ, ಯಾವ ಕಾರಣಕ್ಕೂ ಬೇಡ. ನಂಬರ್ ಕಡ್ಡಿ, ಇಂಗ್ಲಿಷ್ ಅಕ್ಷರದ ಡಬ್ಬ ಬಿಡಿಯಾಗಿ ಕೊಡ್ತಾರಾ ಅಂತ ಕೇಳಿ ನೋಡಿ, ನಮಗೆ ಕೊಡಲ್ಲ ಅಂದ್ರು, ಬೇರೆ ಕಡೆ ಕೊಡೋರು ಇದಾರೆ. ದುಡ್ಡು ಕಟ್ಟೋಕೆ ಮುಂಚೆ ಕನ್ನಡ ವರ್ಕ್‌ಬುಕ್ಕಿನ ನಾಲ್ಕು ಪುಟ ವಾಟ್ಸಾಪಲ್ಲಿ ತರಿಸ್ಕೊಂಡು ಓದಿ, ಅದರಲ್ಲಿ ಆನೆಯನ್ನು ಆನಂದಿಸಿ ಅಂತ ಇದ್ರೆ ಅಲ್ಲೇ ಬಿಟ್ಬಿಡಿ. ಆ್ಯಪ್ ಎಷ್ಟು ತಿಂಗಳು ಫ್ರೀ ಅಂತ ಬರಹದಲ್ಲಿ ತಗೊಳ್ಳಿ. ಮತ್ತೆ ಬಾಕ್ಸ್ ಬಿಚ್ಚೋವಾಗ ವಿಡಿಯೋ ಮಾಡೋಕೆ ಯಾರನ್ನಾದ್ರೂ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ.